ಕಂಬದಿಂದ ಚಾಚಿದ ಕೈ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಗಂಡಸಿ ಎಂಬ ಊರೊಂದಿದೆ. ಹೋಬಳಿಯ ಕೇಂದ್ರ; ಸುತ್ತಲೂ ತೆಂಗಿನ ಸೀಮೆ. ಆದರೆ ಬಸ್ಸಿನಲ್ಲಿ ಓಡಾಡುವ ಜನಕ್ಕೆ ಗಂಡಸಿಗಿಂತಲೂ ಹೆಚ್ಚು ಪರಿಚಿತವಾದದ್ದು ಅದರ ಹೆಸರನ್ನೇ ಹೊತ್ತ ಇನ್ನೊಂದು ಸ್ಥಳ: ಗಂಡಸಿ ಹ್ಯಾಂಡ್‌ಪೋಸ್ಟ್. ಅರಸೀಕೆರೆ, ಹಾಸನ, ತಿಪಟೂರು, ಚನ್ನರಾಯಪಟ್ಟಣಗಳ ಕಡೆಯ ದಾರಿಗಳು ಕೂಡುವ ಜಾಗ ಅದು. ಕಂಡಕ್ಟರು "ಯಾರ್ರೀ ಹ್ಯಾಂಡ್‌ಪೋಸ್ಟು" ಎಂದು ಕೂಗುತ್ತಾನೆ, ಇಳಿಯುವವರು ಇಳಿಯುತ್ತಾರೆ. ಆ ಹೆಸರಿನ ಅರ್ಥವೇನೆಂದು ಕೇಳುವ ಗೊಡವೆಗೆ ಯಾರೂ ಹೋಗುವುದಿಲ್ಲ. ಒಮ್ಮೆ ಎಂ.ಎ. ತರಗತಿಯಲ್ಲಿ ನಾನು ಕೇಳಿದಾಗ, ಆ ಕಡೆಯಿಂದಲೇ ಬಂದ ವಿದ್ಯಾರ್ಥಿಯೊಬ್ಬ "ಅಲ್ಲಿ ಹಿಂದೆ ಅಂಚೆಕಚೇರಿ ಇದ್ದಿರಬೇಕು ಸಾರ್" ಎಂದ. ಪೋಸ್ಟ್ ಎಂದೊಡನೆ ಅವನಿಗೆ ಕಾಗದಪತ್ರ ನೆನಪಾದದ್ದು ಸಹಜವೇ. ಹೆಸರಿನ ಒಳಗೇ ಇದ್ದ ಕಂಬ ಅವನ ಕಣ್ಣಿಗೆ ಬೀಳಲಿಲ್ಲ. ಕಂಬದಿಂದ ಚಾಚಿಕೊಂಡಿದ್ದ ಕೈಯೂ ಬೀಳಲಿಲ್ಲ.

ಈ ಹೊತ್ತಿನ ನನ್ನ ಮಾತು ಆ ಕೈಯನ್ನು ಕುರಿತದ್ದು. ಇನ್ನೂ ಸ್ವಲ್ಪ ವಿಸ್ತರಿಸಿ ಹೇಳುವುದಾದರೆ, ಮೈಯಿಂದ, ಗೋಡೆಯಿಂದ, ನೆಲದಿಂದ ಹೊರಕ್ಕೆ ಚಾಚಿಕೊಂಡ ವಸ್ತುಗಳಿಗೆ ಮನುಷ್ಯ ಇಟ್ಟಿರುವ ಹೆಸರುಗಳನ್ನು ಕುರಿತದ್ದು. ವಿಷಯ ಅಲ್ಪವೆಂದು ತೋರಬಹುದು. ಆದರೆ ಒಂದು ಸಮಾಜದ ಕಸುಬು, ದಾರಿ, ನಂಬಿಕೆ, ಕ್ರೌರ್ಯ ಎಲ್ಲವೂ ಇಂಥ ಅಲ್ಪ ವಿಷಯಗಳಲ್ಲಿ ಅಡಗಿ ಕುಳಿತಿರುತ್ತವೆ.

ಇಂಗ್ಲಿಷಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ 1852ರಲ್ಲಿ ಒಂದು ಪದಕೋಶ ಪ್ರಕಟಿಸಿದ. ಅದು ಅಕಾರಾದಿ ನಿಘಂಟಲ್ಲ. ಅರ್ಥದ ನಂಟಿಗನುಗುಣವಾಗಿ ಪದಗಳನ್ನು ಗುಂಪುಗೂಡಿಸಿದ ಗ್ರಂಥ. ಅದರಲ್ಲಿ ಉಬ್ಬಿಕೊಂಡಿರುವುದಕ್ಕೆ, ಹೊರಚಾಚಿರುವುದಕ್ಕೆ ಒಂದು ಶೀರ್ಷಿಕೆಯಿದೆ. ಅಲ್ಲಿ ಪ್ರೊಜೆಕ್ಷನ್, ಪ್ರೊಟ್ಯೂಬರೆನ್ಸ್ ಎಂಬ ಲ್ಯಾಟಿನ್ ಮೂಲದ ಭಾರದ ಮಾತುಗಳ ಮಗ್ಗುಲಲ್ಲೇ ಬಂಪ್, ಹಂಪ್, ನಾಬ್ ಎಂಬ ಬಡಪಾಯಿ ಮಾತುಗಳೂ ಕುಳಿತಿವೆ. ಮೂಗು, ಕೊಕ್ಕು, ಹಲ್ಲು, ಗೂಟ, ಸಮುದ್ರಕ್ಕೆ ಚಾಚಿದ ನೆಲದ ಮೂತಿ ಎಲ್ಲವೂ ಒಂದೇ ಪಂಕ್ತಿಯ ಊಟಕ್ಕೆ ಕೂತಂತೆ ಕಾಣುತ್ತವೆ.

ಕನ್ನಡದಲ್ಲಿ ಇಂಥ ಪಂಕ್ತಿಯೊಂದನ್ನು ಹಾಕಿದರೆ ಎಲೆಗಳೇನೂ ಕಡಿಮೆ ಬೀಳುವುದಿಲ್ಲ. ಬಾಗಿಲಿಗೆ ತಲೆ ತಾಗಿ ಎದ್ದದ್ದು ಬುಗುಟು. ಬೆತ್ತದ ಏಟಿಗೆ ಎದ್ದದ್ದು ಬಾಸುಂಡೆ. ಮನುಷ್ಯನ ಬೆನ್ನಿನದು ಗೂನು, ಒಂಟೆಯದು ಡುಬ್ಬ, ಎತ್ತಿನದು ಹಿಣಿಲು. ಹೆಣ್ಣು ಮಕ್ಕಳ ಜಡೆಬಿಲ್ಲೆಯ ನಡುವೆ ಎದ್ದಿರುವುದು ಗುಬ್ಬೆ. ಆನೆಯ ಬಾಯಿಂದ ಹೊರಟದ್ದು ಕೋರೆ. ಬೆಟ್ಟದ ತಲೆಯಲ್ಲಿ ಎದ್ದುನಿಂತ ಬಂಡೆ ಕೋಡುಗಲ್ಲು. ನೆಲದ ಉಬ್ಬಿಗೇ ದಿಣ್ಣೆ, ದಿಬ್ಬ, ತಿಟ್ಟು, ತೆವರು, ಮೊರಡಿ, ಗುಡ್ಡ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರುಗಳಿವೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಡಲಾಗುವುದಿಲ್ಲ. ಎತ್ತಿನ ಹಿಣಿಲನ್ನು ಗೂನು ಎಂದರೆ ರೈತ ನಗುತ್ತಾನೆ. ಸಮಾನಾರ್ಥಕ ಪದಗಳೆಂದು ನಾವು ಕರೆಯುವವುಗಳಲ್ಲಿ ಬಹುಪಾಲು ನಿಜಕ್ಕೂ ಸಮಾನವಾಗಿರುವುದು ಪಂಡಿತನಿಗೆ ಮಾತ್ರ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಾಚುವುದರಲ್ಲಿ ಎರಡು ಬಗೆಯಿದೆ. ಬುಗುಟು, ಗೂನು, ದಿಣ್ಣೆ ಇವು ತಾವಾಗಿ ಉಬ್ಬಿದಂಥವು. ಅವುಗಳಿಂದ ಯಾರಿಗೂ ಏನೂ ಆಗಬೇಕಿಲ್ಲ. ಆದರೆ ಗೂಟ, ಸೂರು, ದಾರಿಯ ಕಂಬದ ಹಲಗೆ ಇವು ಏನನ್ನೋ ಮಾಡಲೆಂದು ಹೊರಕ್ಕೆ ಚಾಚಿದಂಥವು: ಹೊರುತ್ತವೆ, ಕಾಯುತ್ತವೆ, ತೋರಿಸುತ್ತವೆ. ಈ ಎರಡನೆಯ ಬಗೆಯ ವಸ್ತುಗಳಲ್ಲಿ ಎಷ್ಟೋ ಕಡೆ ಕನ್ನಡಿಗನಿಗೆ ಕಂಡದ್ದು ಕೈ. ದೊಡ್ಡ ಕಾಲುವೆಯಿಂದ ಹೊರಟು ಗದ್ದೆಗೆ ನೀರುಣಿಸುವುದು ಕೈಗಾಲುವೆ. ದೇವಾಲಯದ ಪ್ರಾಕಾರಕ್ಕೆ ಒತ್ತಿಕೊಂಡು ಬಂದವರಿಗೆ ನೆರಳು ಕೊಡುವ ಕಂಬಗಳ ಸಾಲು ಕೈಸಾಲೆ. ಶಾಸನಗಳಲ್ಲಿಯೂ ಕಾಣಿಸಿಕೊಳ್ಳುವ ಹಳೆಯ ಮಾತು ಅದು. ಹಾಗೆಯೇ ಕವಲುದಾರಿಯಲ್ಲಿ ನಿಂತು ಊರು ತೋರಿಸುವ ಕಂಬ ಕೈಮರ.

ಹ್ಯಾಂಡ್‌ಪೋಸ್ಟ್ ಎಂಬುದಕ್ಕೆ ಕನ್ನಡದಲ್ಲಿ ಸಿದ್ಧವಾಗಿರುವ ಮಾತು ಇದೇ. ಚಿಕ್ಕಮಗಳೂರಿನಿಂದ ಬಾಬಾಬುಡನಗಿರಿ, ಮುಳ್ಳಯ್ಯನಗಿರಿಗಳ ಕಡೆಗೆ ಹೊರಟವರಿಗೆ ಕೈಮರ ಎಂಬ ಹೆಸರಿನ ಸ್ಥಳವೇ ಸಿಗುತ್ತದೆ. ಘಟ್ಟದ ಕೆಳಗೆ ಅದೇ ವಸ್ತು ಕೈಕಂಬವಾಗಿದೆ: ಬಂಟ್ವಾಳದ ಬಿ.ಸಿ. ರೋಡಿನ ಬಳಿ ಒಂದು ಕೈಕಂಬ, ಗುರುಪುರದ ಬಳಿ ಒಂದು ಕೈಕಂಬ, ಕಾಸರಗೋಡು ಸೀಮೆಯ ಉಪ್ಪಳದ ಬಳಿ ಮತ್ತೊಂದು. ತಮಿಳು, ಮಲಯಾಳಗಳಲ್ಲಿ ಕೈಕಾಟ್ಟಿ, ಅಂದರೆ ಕೈ ತೋರಿಸುವಂಥದು. ಮೈಸೂರು ಸೀಮೆಯಲ್ಲಿ ಮಾತ್ರ ಇಂಗ್ಲಿಷ್ ಹೆಸರೇ ಹಲವೆಡೆ ನೆಲೆ ನಿಂತಿತು. ಗಂಡಸಿಯದು ಒಂದೇ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ ಹ್ಯಾಂಡ್‌ಪೋಸ್ಟ್ ಇದೆ, ಮೂಡಿಗೆರೆಯಲ್ಲೂ ಇದೆ. ಚಿಕ್ಕಮಗಳೂರು ಜಿಲ್ಲೆಯೊಂದರಲ್ಲೇ ಕೈಮರವೂ ಉಂಟು, ಹ್ಯಾಂಡ್‌ಪೋಸ್ಟೂ ಉಂಟು. ಒಂದೇ ವಸ್ತು ಮೂರು ಹೆಸರಿನಲ್ಲಿ ಕರ್ನಾಟಕದ ನಕ್ಷೆಯ ಮೇಲೆ ಊರಾಗಿ ಕುಳಿತಿರುವುದು ವಿಶೇಷವಲ್ಲವೇ?

ಈ ಕಂಬದ ಇಂಗ್ಲಿಷ್ ವಂಶಾವಳಿಯನ್ನೂ ಸ್ವಲ್ಪ ನೋಡೋಣ. ಇಂಗ್ಲೆಂಡಿನಲ್ಲಿ 1697ರ ಒಂದು ಕಾಯಿದೆ, ಅಡ್ಡದಾರಿಗಳು ಕೂಡುವಲ್ಲಿ ದಾರಿ ತೋರುವ ಕಂಬ ನೆಡಿಸುವ ಅಧಿಕಾರವನ್ನು ನ್ಯಾಯಾಧಿಕಾರಿಗಳಿಗೆ ಕೊಟ್ಟಿತು. 1773ರ ಹೊತ್ತಿಗೆ ಸುಂಕದ ರಸ್ತೆಗಳನ್ನು ನೋಡಿಕೊಳ್ಳುವವರಿಗೆ ಅದು ಕಡ್ಡಾಯದ ಕೆಲಸವೇ ಆಯಿತು. ಅದಕ್ಕೆ ಅಲ್ಲಿಯ ಜನ ಇಟ್ಟ ಹೆಸರುಗಳು ಹಲವು: ಫಿಂಗರ್‌ಪೋಸ್ಟ್, ಗೈಡ್‌ಪೋಸ್ಟ್, ಸೈನ್‌ಪೋಸ್ಟ್, ಹ್ಯಾಂಡ್‌ಪೋಸ್ಟ್. ಒಬ್ಬನಿಗೆ ಬೆರಳು ಕಂಡಿತು, ಇನ್ನೊಬ್ಬನಿಗೆ ಕೈ. ವೇಲ್ಸ್ ಪ್ರಾಂತದಲ್ಲಿ ಕ್ರಾಸ್ ಹ್ಯಾಂಡ್ಸ್ ಎಂಬ ಊರೇ ಇದೆ.

ಈ ಕಂಬಕ್ಕೆ ತತ್ತ್ವಶಾಸ್ತ್ರದಲ್ಲಿಯೂ ಒಂದು ಸ್ಥಾನ ದೊರಕಿತು. ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ನೋವಮ್ ಆರ್ಗನಮ್ ಎಂಬ ಲ್ಯಾಟಿನ್ ಗ್ರಂಥದಲ್ಲಿ, ಎರಡು ವಿವರಣೆಗಳು ಎದುರುಬದುರಾಗಿ ನಿಂತಾಗ ಯಾವುದು ಸರಿಯೆಂದು ತೀರ್ಮಾನಿಸಿಕೊಡುವ ನಿದರ್ಶನಕ್ಕೆ ಹೆಸರೊಂದು ಬೇಕಾಯಿತು. ಅವನು ಆ ಹೆಸರನ್ನು ಕವಲುದಾರಿಯ ಶಿಲುಬೆಯಾಕಾರದ ಕಂಬದಿಂದ ತೆಗೆದುಕೊಂಡ. ಇಂದು ನಾವು ಪತ್ರಿಕೆಗಳಲ್ಲಿ ದಿನವೂ ಕಾಣುವ ಕ್ರೂಷಿಯಲ್ ಎಂಬ ಮಾತಿನ ಹಿಂದೆ ಇರುವುದು ಆ ಕಂಬವೇ. 'ನಿರ್ಣಾಯಕ' ಎಂದು ಅದನ್ನು ಕನ್ನಡಿಸುವಾಗ ನಾವು ಅರಿಯದೆಯೇ ಒಂದು ಕೈಮರದ ಕೆಳಗೆ ನಿಂತಿರುತ್ತೇವೆ.

ಮೈಸೂರು ಸಂಸ್ಥಾನ 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಬಂತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ರಸ್ತೆ ಸೇತುವೆಗಳ ಕೆಲಸಕ್ಕೆ ಒತ್ತು ಕೊಟ್ಟದ್ದು ಪ್ರಸಿದ್ಧ. ಬಂಡಿಜಾಡುಗಳು ಅಳತೆಯ ರಸ್ತೆಗಳಾದವು. ದಾರಿಯ ಜೊತೆಗೆ ದಾರಿಯ ಮಾತುಗಳೂ ಬಂದವು: ಮೈಲಿಗಲ್ಲು, ಟೋಲುಗೇಟು, ಹ್ಯಾಂಡ್‌ಪೋಸ್ಟು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲುಹಾದಿ ಬೆಳೆದು ಅರಸೀಕೆರೆಯನ್ನು ಹಾದುಹೋಯಿತು. ಮುಂದೆ ಅದು ದೊಡ್ಡ ಜಂಕ್ಷನ್ನೂ ಆಯಿತು. ಅಲ್ಲಿ ಎತ್ತರದ ಕಂಬದ ಮೇಲೆ ಕೈ ಚಾಚಿ ನಿಂತ ಸಿಗ್ನಲ್ಲಿಗೂ ಕನ್ನಡಿಗರು ಕೈಮರವೆಂದೇ ಹೆಸರಿಟ್ಟರು. ಹೊಸ ವಸ್ತು ಬಂದಾಗ ಜನ ಹೆಸರಿಗಾಗಿ ಯಾವ ಸಮಿತಿಯನ್ನೂ ಕಾಯಲಿಲ್ಲ. ತಮ್ಮ ಮೈಯನ್ನು ನೋಡಿಕೊಂಡರು. ಅಲ್ಲಿ ಕೈ ಇತ್ತು.

ಹಾಗಾದರೆ ಕಂಬದಿಂದ ಚಾಚಿದ ಕೈ ಈ ನಾಡಿಗೆ ಇಂಗ್ಲಿಷರ ರಸ್ತೆಯೊಡನೆ ಬಂದ ನೋಟವೇ? ಅಲ್ಲ. ಗಂಡಸಿಯಿಂದ ಒಂದು ದಿನದ ಪ್ರಯಾಣದೊಳಗೆ ನೋಡಿ ಬರಬಹುದಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋಗೋಣ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಗುಡಿ ಅದು. ಅದರ ಲೋವೆಯ ಕೆಳಗೆ, ಹೊರಗೋಡೆಯ ಕಂಬಗಳ ತಲೆಯಿಂದ ಓರೆಯಾಗಿ ಚಾಚಿಕೊಂಡು 38 ಸ್ತ್ರೀವಿಗ್ರಹಗಳಿವೆ. ಒಳಗೆ ನವರಂಗದಲ್ಲಿ ಇನ್ನೂ ನಾಲ್ಕು. ನಾವು ಅವನ್ನು ಮದನಿಕೆ, ಶಿಲಾಬಾಲಿಕೆ ಎನ್ನುತ್ತೇವೆ. ಆದರೆ ಆರ್. ನರಸಿಂಹಾಚಾರ್ಯರ ಕಾಲದ ಪುರಾತತ್ತ್ವದ ಬರಹಗಳಲ್ಲಿ ಕಾಣುವ ಮಾತು ಮದನಕೈ. ಕಂಬಕ್ಕೂ ಮೇಲಿನ ತೊಲೆಗೂ ನಡುವೆ ಕೊಡುವ ಆನಿಕೆಗೆ ಬಡಗಿಗಳು, ಕಲ್ಲುಕುಟಿಗರು ಬಳಸುತ್ತಿದ್ದ ಮಾತು ಅದು. ಶಿಲಾಬಾಲಿಕೆ ಎಂದಾಗ ನಮಗೆ ಕನ್ನಡಿ ಹಿಡಿದ ಹೆಣ್ಣು ಕಾಣುತ್ತಾಳೆ. ಮದನಕೈ ಎಂದಾಗ ಸೂರಿಗೆ ಆಸರೆಯಾಗಿ ಚಾಚಿದ ಕೈ ಕಾಣುತ್ತದೆ. ರಸಿಕನ ಮಾತು ಒಂದು, ಕೆಲಸಗಾರನ ಮಾತು ಇನ್ನೊಂದು. ಕೆಲವು ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೊರೆದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರಿಗೆ ಎರಡೂ ಗೊತ್ತಿದ್ದಿರಬೇಕು.

ಹೊಯ್ಸಳ ಶಿಲ್ಪವೇ ಒಂದು ಅರ್ಥದಲ್ಲಿ ಚಾಚುವಿಕೆಯ ಕಲೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಗರ್ಭಗುಡಿಯ ಹೊರಮೈ ಹದಿನಾರು ಮೂಲೆಗಳ ನಕ್ಷತ್ರ. ಗೋಡೆ ನೇರ ನಿಲ್ಲದೆ ಮೂಲೆಮೂಲೆಯಾಗಿ ಹೊರಬಂದು ಒಳಹೋಗುವುದರಿಂದ ಬಿಸಿಲು ತಿರುಗಿದಂತೆಲ್ಲ ನೆರಳೂ ತಿರುಗುತ್ತದೆ. ಇದನ್ನು ಸಾಧ್ಯಮಾಡಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಬೆರಳಗಲದ ಆಭರಣವನ್ನೂ ಮೈಯಿಂದ ಬಿಡಿಸಿ ನಿಲ್ಲಿಸುವ ಧೈರ್ಯವನ್ನು ಶಿಲ್ಪಿಗೆ ಕೊಟ್ಟದ್ದು ಆ ಗುಣ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲಿಗೆ ದೊರೆತ ಈ ಮನ್ನಣೆಯ ಒಂದು ಪಾಲು ಕಲ್ಲಿನ ಮಾತುಗಳಿಗೂ ಸಲ್ಲಬೇಕೆಂದು ನನ್ನ ಆಸೆ.

ಆ ಮಾತುಗಳಲ್ಲಿ ಕೈಯ ಜೊತೆಗೆ ಹಕ್ಕಿಗಳೂ ಇವೆ. ಗೋಡೆಯ ಮೇಲೆ ದುಂಡಗೆ ಬಾಗಿ ಹೊರಬಂದ ಅಂಚಿಗೆ ಶಿಲ್ಪಶಾಸ್ತ್ರದ ಹೆಸರು ಕಪೋತ, ಎಂದರೆ ಪಾರಿವಾಳ. ಶಿಖರದ ಮುಂದೆ, ಗರ್ಭಗುಡಿಯ ಬಾಗಿಲಿನ ನೇರಕ್ಕೆ ಮೂಗಿನಂತೆ ಚಾಚಿಕೊಂಡ ಭಾಗ ಶುಕನಾಸಿ, ಗಿಳಿಯ ಮೂಗು. ಸಿಂಹವನ್ನು ಇರಿಯುವ ಸಳನ ಲಾಂಛನ ನಿಲ್ಲುವುದು ಆ ಮೂಗಿನ ಮೇಲೆಯೇ. ಬೇಲೂರು ಹಳೇಬೀಡುಗಳ ದೊಡ್ಡ ಗುಡಿಗಳಿಗೆ ಇಂದು ಶಿಖರವಿಲ್ಲ. ಶುಕನಾಸಿಯನ್ನು ಕಣ್ತುಂಬ ನೋಡಬೇಕೆಂಬವರು ಹಾಸನದ ಬಳಿಯ ದೊಡ್ಡಗದ್ದವಳ್ಳಿಗೆ ಹೋಗಬೇಕು. ಯೂರೋಪಿನಲ್ಲಿಯೂ ಹೀಗೆಯೇ. ಗೋಡೆಯಿಂದ ಚಾಚಿ ತೊಲೆಯನ್ನು ಹೊರುವ ಕಲ್ಲಿಗೆ ಇಂಗ್ಲಿಷಿನಲ್ಲಿ ಕಾರ್ಬೆಲ್ ಎನ್ನುತ್ತಾರೆ. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಮೂಲಾರ್ಥ ಕಾಗೆಯ ಜಾತಿಯ ಒಂದು ಕರಿಯ ಹಕ್ಕಿ. ಆ ಕಲ್ಲು ಅವರಿಗೆ ಅದರ ಕೊಕ್ಕಿನಂತೆ ಕಂಡಿತು. ಒಬ್ಬರನ್ನೊಬ್ಬರು ಎಂದೂ ನೋಡದ ಕಲ್ಲುಕುಟಿಗರು, ಒಬ್ಬ ಗಿಳಿಯನ್ನೂ ಇನ್ನೊಬ್ಬ ಕಾಗೆಯನ್ನೂ ಕಂಡು, ಒಂದೇ ರೀತಿಯಲ್ಲಿ ಯೋಚಿಸಿದರು.

ಗಿಳಿ ಗುಡಿಯಿಂದ ಇಳಿದು ನಮ್ಮ ಮನೆಗಳಿಗೂ ಬಂದಿತ್ತು. ನಾನು ಹುಟ್ಟಿ ಬೆಳೆದ ಮನೆಯ ಪಡಸಾಲೆಯ ಗೋಡೆಯಲ್ಲಿ ಗಿಳಿಗೂಟಗಳಿದ್ದವು: ಗಿಳಿಯಾಕಾರಕ್ಕೆ ಕೆತ್ತಿದ ಮರದ ಗೂಟಗಳು. ಒಂದರಲ್ಲಿ ಅಜ್ಜನ ಕೋಟು, ಇನ್ನೊಂದರಲ್ಲಿ ಪಂಚಾಂಗದ ಚೀಲ. ಮೇಲೆ ಗೋಡೆಯಿಂದ ಹೊರಬಂದ ನಾಗಂದಿಗೆಯ ಮೇಲೆ ಹಿತ್ತಾಳೆಯ ಪಾತ್ರೆಗಳು. ಸಂಸ್ಕೃತದಲ್ಲಿ ಗೋಡೆಯ ಗೂಟಕ್ಕೆ ನಾಗದಂತ, ಆನೆಯ ದಂತ ಎಂದು ಹೆಸರು. ಇವೆಲ್ಲ ಕೈಗೆಟಕುವ ಎತ್ತರದಲ್ಲಿದ್ದವು. ಮಾತೂ ಅಷ್ಟೇ ಕೈಗೆಟಕುವಂತಿತ್ತು. ಮನೆ ಬದಲಾಯಿತು, ಗಾರೆ ಹೋಗಿ ಸಿಮೆಂಟು ಬಂತು, ಗಿಳಿಗೂಟದ ಜಾಗಕ್ಕೆ ಕಬ್ಬಿಣದ ಹುಕ್ಕು ಬಂತು. ಹುಕ್ಕೂ ಕೋಟನ್ನು ಹೊರುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಮೊಮ್ಮಕ್ಕಳಿಗೆ ಗಿಳಿಗೂಟ ಎಂದರೆ ಗಿಳಿಯನ್ನು ಕಟ್ಟುವ ಗೂಟ. ವಸ್ತು ಹೋದಮೇಲೆ ಉಳಿದ ಮಾತು ಹೀಗೆ ಅನಾಥವಾಗಿ ಅಲೆಯುತ್ತದೆ.

ಹಳೆಯದೆಲ್ಲ ಮುದ್ದಾದದ್ದೆಂದು ಇದರಿಂದ ತಿಳಿಯಬಾರದು. ಕಂಬದಿಂದ ಚಾಚಿದ ಕೈಯನ್ನು ಈ ನಾಡಿನ ಜನ ರಸ್ತೆಯ ಕಂಬಕ್ಕೂ ಬಹುಕಾಲ ಮೊದಲೇ ಇನ್ನೊಂದು ಕಡೆ ಕಂಡಿದ್ದರು. ಊರ ಹೊರಗೆ, ಕೆರೆಯ ಏರಿಯ ಬಳಿ, ಹಾಳು ಗುಡಿಯ ಮಗ್ಗುಲಲ್ಲಿ ನಿಂತಿರುವ ಮಾಸ್ತಿಕಲ್ಲುಗಳನ್ನು ಕೇಳುಗರಲ್ಲಿ ಅನೇಕರು ನೋಡಿರುತ್ತೀರಿ. ಮಾಸ್ತಿ ಎಂದರೆ ಮಹಾಸತಿ. ಗಂಡನ ಚಿತೆಯನ್ನೇರಿದ ಹೆಂಗಸಿನ ಸ್ಮಾರಕ. ಅವುಗಳಲ್ಲಿ ಎಷ್ಟೋ ಕಲ್ಲುಗಳ ಮೇಲೆ ಹೆಣ್ಣಿನ ಮುಖವೇ ಇಲ್ಲ. ಒಂದು ಕಂಬ, ಕಂಬದಿಂದ ಹೊರಚಾಚಿ ಮೊಳಕೈಯಲ್ಲಿ ಬಾಗಿ ಮೇಲೆದ್ದ ಒಂದು ತೋಳು. ತೋಳಿನಲ್ಲಿ ಒಡೆಯದ ಬಳೆಗಳು, ಅನೇಕ ಕಡೆ ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಒಂದೇ ಕೈಯಿದ್ದರೆ ಒಕ್ಕೈಮಾಸ್ತಿ, ಎರಡಿದ್ದರೆ ಇಕ್ಕೈಮಾಸ್ತಿ ಎಂದು ವಿದ್ವಾಂಸರು ವಿಂಗಡಿಸಿದ್ದಾರೆ.

ಆ ಕೈ ಅಭಯಹಸ್ತವೆಂದೂ, ಆಶೀರ್ವಾದವೆಂದೂ ಪೂಜೆಗೊಂಡಿದೆ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಹರಕೆ ಹೊತ್ತವರ ನಂಬಿಕೆ ಅವರದು. ಆದರೆ ಇತಿಹಾಸವನ್ನು ಓದುವವನು ಇನ್ನೊಂದು ಪ್ರಶ್ನೆಯನ್ನು ಕೇಳದಿರಲಾರ. ಒಬ್ಬ ಹೆಣ್ಣಿನ ಇಡೀ ಬದುಕಿನಲ್ಲಿ ಕಲ್ಲಿಗೆ ಬೇಕಾದದ್ದು ಬಳೆ ತೊಟ್ಟ ಆ ಒಂದು ತೋಳು ಮಾತ್ರವಾದದ್ದೇಕೆ? ಅವಳ ಹೆಸರನ್ನೂ ಬರೆಯದ ಕಲ್ಲುಗಳಿವೆ, ಬಳೆಯನ್ನು ಮಾತ್ರ ಯಾವ ಶಿಲ್ಪಿಯೂ ಮರೆಯಲಿಲ್ಲ. 1829ರಲ್ಲಿ ಬಂಗಾಳ ಪ್ರಾಂತದಲ್ಲಿಯೂ, ಮರುವರ್ಷ ಮದರಾಸು ಮುಂಬಯಿಗಳಲ್ಲಿಯೂ ಸತಿಪದ್ಧತಿ ಕಾನೂನಿನಿಂದ ನಿಷಿದ್ಧವಾಯಿತು. ಕೆಲವೇ ದಶಕಗಳ ಅಂತರದಲ್ಲಿ ಒಂದು ಬಗೆಯ ಕಂಬದ ಕಾಲ ಮುಗಿದು ಇನ್ನೊಂದು ಬಗೆಯ ಕಂಬದ ಕಾಲ ಮೊದಲಾಯಿತೆನ್ನಬಹುದು. ರಸ್ತೆಯ ಕಂಬಕ್ಕೂ ಮಾಸ್ತಿಯ ಕಂಬಕ್ಕೂ ವಂಶದ ಸಂಬಂಧ ಕಲ್ಪಿಸುತ್ತಿಲ್ಲ. ಎರಡೂ ಕಡೆ ಕೈ ಚಾಚಿದೆ. ಒಂದು ಕೈ ಬದುಕಿರುವವನಿಗೆ ಮುಂದಿನ ಊರನ್ನು ತೋರಿಸುತ್ತದೆ. ಇನ್ನೊಂದು ಕೈಯ ಒಡತಿಗೆ ಮುಂದಿನ ಊರೇ ಇರಲಿಲ್ಲ. ಎರಡನ್ನೂ 'ಹೊರಚಾಚು' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ನಾವು ಏನನ್ನು ಕಳೆದುಕೊಳ್ಳುತ್ತೇವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಈ ಮಾತನ್ನು ಹೇಳಲು ನನಗೆ ಕಾರಣವಿದೆ. ಪಾರಿಭಾಷಿಕ ಪದಗಳನ್ನು ಸಿದ್ಧಪಡಿಸುವ ಸಮಿತಿಯೊಂದರಲ್ಲಿ ನಾನು ಕೆಲಕಾಲ ಕೂತಿದ್ದೆ. ಕಟ್ಟಡಗಳ ವಿಷಯದಲ್ಲಿ ಪ್ರೊಜೆಕ್ಷನ್ ಎಂಬ ಪದ ಬಂತು. ಪ್ರಕ್ಷೇಪ ಎಂದು ಬರೆದುಕೊಂಡೆವು. ಐದು ನಿಮಿಷದಲ್ಲಿ ಮುಂದಿನ ಪದಕ್ಕೆ ಹೋದೆವು. ಲೋವೆ, ಸೂರು, ಮದನಕೈ, ನಾಗಂದಿಗೆಗಳನ್ನು ನಾನು ಪ್ರಸ್ತಾಪಿಸಿದಾಗ "ಅವು ಬಿಡಿ ವಸ್ತುಗಳ ಹೆಸರು, ನಮಗೆ ಬೇಕಾದದ್ದು ಸಾಮಾನ್ಯ ಪದ" ಎಂಬ ಉತ್ತರ ಬಂತು. ಶಾಸ್ತ್ರಕ್ಕೆ ಸಾಮಾನ್ಯ ಪದ ಬೇಕು, ನಿಜ. ಆದರೆ ಸಾಮಾನ್ಯ ಪದಕ್ಕೆ ಒಂದು ದುರ್ಗುಣವಿದೆ: ಅದು ಮನೆಗೆ ಬಂದಮೇಲೆ ವಿಶೇಷ ಪದಗಳನ್ನು ಜಗಲಿಗೆ ಕಳಿಸುತ್ತದೆ. ಪ್ರಕ್ಷೇಪವೆಂದರೆ ಮುಂದಕ್ಕೆ ಎಸೆದದ್ದು. ಲ್ಯಾಟಿನ್ ಪದದ ಅರ್ಥವೂ ಅದೇ. ಯಾರು ಎಸೆದರ ಎಂಬುದು ಅದರಲ್ಲಿಲ್ಲ, ಏತಕ್ಕೆ ಎಂಬುದೂ ಇಲ್ಲ. ಕೈ ಎಂದಾಗ ಎರಡೂ ಇದೆ.

ಆದ್ದರಿಂದ ಜಗಳ ಇಂಗ್ಲಿಷಿಗೂ ಕನ್ನಡಕ್ಕೂ ಅಲ್ಲವೆಂದು ನಾನು ತಿಳಿದಿದ್ದೇನೆ. ಜಗಳವಿರುವುದು ಕೆಲಸಗಾರನ ಮಾತಿಗೂ ಕಚೇರಿಯ ಮಾತಿಗೂ. ಕಾರ್ಬೆಲ್ ಎಂದ ಫ್ರೆಂಚ್ ಕಲ್ಲುಕುಟಿಗ, ಮದನಕೈ ಎಂದ ಹೊಯ್ಸಳ ಸೀಮೆಯ ಕಲ್ಲುಕುಟಿಗ, ಹ್ಯಾಂಡ್‌ಪೋಸ್ಟ್ ಎಂದ ಇಂಗ್ಲಿಷ್ ಹಳ್ಳಿಗ, ಕೈಕಂಬ ಎಂದ ಕರಾವಳಿಯ ಬಂಡಿಯವ ಇವರೆಲ್ಲ ಒಂದೇ ಪಕ್ಷದವರು. ಗಂಡಸಿ ಹ್ಯಾಂಡ್‌ಪೋಸ್ಟಿನ ಹೆಸರನ್ನು ಕನ್ನಡೀಕರಿಸಬೇಕೆಂದು ಯಾರಾದರೂ ನನ್ನ ಸಹಿ ಕೇಳಲು ಬಂದರೆ ನಾನು ಕೊಡಲಾರೆ. ಅದು ಆಗಲೇ ಜನರ ನಾಲಿಗೆಯಲ್ಲಿ ಉಕಾರಾಂತವಾಗಿ ಕನ್ನಡದ್ದಾಗಿದೆ. ಮೇಲಾಗಿ ಅದು ಹೇಳುವುದು ಕೈಮರ ಹೇಳುವುದನ್ನೇ. ಬದಲಿಗೆ ಆ ಹಣದಲ್ಲಿ ಅಲ್ಲಿಯ ಶಾಲೆಯ ಮಕ್ಕಳಿಗೆ ಹ್ಯಾಂಡ್‌ಪೋಸ್ಟ್ ಎಂದರೇನು, ಕೈಮರ ಎಂದರೇನು, ಹತ್ತಿರದ ಗುಡಿಯ ಮದನಕೈ ಎಂದರೇನು ಎಂದು ಒಂದು ಮಧ್ಯಾಹ್ನ ಹೇಳಿಕೊಡಲಿ.

ನಿಘಂಟುಗಳು ತಮ್ಮ ಪಾಲಿನ ಕೆಲಸವನ್ನು ಮಾಡಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶದಲ್ಲಿ ಅಡುಗೆಮನೆಯ, ಹೊಲದ, ಕಮ್ಮಟದ ಮಾತುಗಳು ತುಂಬಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂತು. ಆದರೆ ನಿಘಂಟು ಮಾತನ್ನು ಉಳಿಸಬಲ್ಲದು, ಅದನ್ನು ಕಟ್ಟಿಹಾಕಿದ್ದ ಗೂಟವನ್ನು ಉಳಿಸಲಾರದು. ಹಳೆಯ ಮನೆಯನ್ನು ಕೆಡವುವ ಮುನ್ನ ಅದರ ಗೋಡೆಯಿಂದ ಚಾಚಿದ್ದಕ್ಕೆಲ್ಲ ಹೆಸರೇನೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮಂಥ ಸಾಮಾನ್ಯರು ಮಾಡಬಹುದಾದ ಕೆಲಸ. ಅದಕ್ಕೆ ಪದವಿ ಬೇಕಿಲ್ಲ, ಅನುದಾನವೂ ಬೇಕಿಲ್ಲ.

ಹೆದ್ದಾರಿಗಳಲ್ಲಿ ಈಗ ತಲೆಯ ಮೇಲೆ ಹಸಿರು ಫಲಕಗಳು ಬಂದಿವೆ. ಜೇಬಿನ ಫೋನಿನೊಳಗೆ ನಕ್ಷೆಯೇ ಮಾತನಾಡಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎನ್ನುತ್ತದೆ. ದಾರಿ ತಪ್ಪುವುದು ಕಡಿಮೆಯಾಗಿದೆ, ಸಂತೋಷ. ಆದರೂ ಆ ನಕ್ಷೆ ಅರಸೀಕೆರೆಯ ಕಡೆಯ ಪ್ರಯಾಣಿಕನಿಗೆ ದಾರಿ ಹೇಳಬೇಕಾದರೆ ಗಂಡಸಿ ಹ್ಯಾಂಡ್‌ಪೋಸ್ಟ್ ಎಂದೇ ಹೇಳಬೇಕು. ಯಾರೋ ಎಂದೋ ಮಣ್ಣಿನಲ್ಲಿ ಊರಿದ ಕಂಬ, ಅದರಿಂದ ಚಾಚಿದ ಒಂದು ಕೈ, ಇಂದಿಗೂ ಹೆಸರಾಗಿ ನಿಂತು ತನ್ನ ಕೆಲಸವನ್ನು ಮಾಡುತ್ತಿದೆ.